ಗಾಣಿಗನ ಪ್ರದಕ್ಷಿಣೆ

“ಗುರುಗಳೇ, ಇನ್ನು ಯಾವ ಕ್ಷೇತ್ರಕ್ಕೆ ಹೋಗಲಿ?”

ಶಿಷ್ಯ ಕೇಳಿದ. ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು. ಅವನು ಈ ವಿಹಾರಕ್ಕೆ ಬಂದು ಒಂದು ಮಳೆಗಾಲ ಕಳೆದಿತ್ತು, ಅಷ್ಟೆ. ಇದಕ್ಕೆ ಮೊದಲು ಬೇರೊಂದು ವಿಹಾರದಲ್ಲಿದ್ದ. ಅದಕ್ಕೂ ಮೊದಲು ಇನ್ನೊಂದರಲ್ಲಿ. ಎಲ್ಲಿಯೂ ಮನಸ್ಸು ನಿಲ್ಲಲಿಲ್ಲ ಎಂದು ಅವನೇ ಹೇಳಿಕೊಂಡಿದ್ದ. ಊರಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಮಾತ್ರ ಮಾತು ಬೇರೆ ಕಡೆಗೆ ಹೊರಳಿಸುತ್ತಿದ್ದ.

ಗುರುಗಳಿಗೆ ವಯಸ್ಸಾಗಿತ್ತು. ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡುವವರಲ್ಲ.

“ಗಂಟು ಅಲ್ಲೇ ಇರಲಿ. ಕೂತುಕೋ,” ಎಂದರು.

ಶಿಷ್ಯ ಹೊಸ್ತಿಲ ಮೇಲೆ ಕೂತ. ಕೂತದ್ದೂ ಏಳುವವನ ಹಾಗೆಯೇ. ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಗಾಣಿಗ ಇದ್ದ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಒಬ್ಬಳು ಮಗಳು ಹುಟ್ಟಿದ್ದಳು. ಮಗುವಿಗೆ ಜ್ವರ ಬಂತು. ಗಾಣಿಗ ವೈದ್ಯನನ್ನು ಕರೆತರಲು ಓಡಿದ. ತನ್ನೂರಿನ ವೈದ್ಯ ಸಿಗಲಿಲ್ಲ. ಮುಂದಿನ ಊರಿಗೆ ಓಡಿದ. ಅಲ್ಲಿಂದ ವೈದ್ಯನನ್ನು ಕರೆದುಕೊಂಡು ಬರುವಷ್ಟರಲ್ಲಿ ಮಗು ಇರಲಿಲ್ಲ.

ಅವತ್ತಿನಿಂದ ಗಾಣಿಗ ಒಂದು ಕಡೆ ಕೂತದ್ದಿಲ್ಲ. ಕೋಳಿ ಕೂಗುವ ಮುಂಚೆ ಗಾಣ ಹೂಡುತ್ತಿದ್ದ. ಎಳ್ಳು ಮುಗಿದರೆ ಕುಸುಬೆ. ಕುಸುಬೆ ಮುಗಿದರೆ ನೊಗ ಕೆತ್ತುವುದು, ಹಗ್ಗ ಹೊಸೆಯುವುದು. ಊಟವೂ ನಿಂತೇ ಆಗುತ್ತಿತ್ತು. ಹೆಂಡತಿ ಎದುರು ಬಂದು, “ಅವತ್ತಿನ ಒಂದು ಮಾತು ಹೇಳಬೇಕು,” ಎಂದರೆ, “ಎತ್ತು ನಿಂತುಬಿಟ್ಟಿದೆ, ತಡಿ,” ಎಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಎತ್ತಿಗೆ ಕಟ್ಟುವ ಕಣ್ಣುಪಟ್ಟಿಯನ್ನು ಗಾಣಿಗ ತಾನೂ ಕಟ್ಟಿಕೊಂಡಿದ್ದಾನೆ ಎಂದು ಊರವರು ಆಡಿಕೊಂಡರು. ಅದೂ ಅವನ ಕಿವಿಗೆ ಬಿತ್ತು. ಅವನು ನಿಲ್ಲಲಿಲ್ಲ.

ಹೊಳೆಯಾಚೆ ಒಂದು ದೊಡ್ಡ ಸ್ತೂಪವಿತ್ತು. ಮಗುವನ್ನು ಕಳೆದುಕೊಂಡವರು ವರ್ಷ ತುಂಬುವ ದಿನ ಅಲ್ಲಿಗೆ ಹೋಗಿ ದೀಪ ಹಚ್ಚುವುದು ಆ ಕಡೆಯ ಪದ್ಧತಿ. ಎಣ್ಣೆ ತಂದೆಯ ಕೈಯಲ್ಲಿ ಹೋಗಬೇಕು. ಹಣತೆ, ಬತ್ತಿ ತಾಯಿಯ ಕೈಯಲ್ಲಿ. ಸ್ತೂಪಕ್ಕೆ ಪ್ರದಕ್ಷಿಣೆ ಬಂದು ಇಬ್ಬರೂ ಒಟ್ಟಿಗೆ ದೀಪದ ಕಟ್ಟೆ ಹತ್ತಬೇಕು. ಒಬ್ಬರೇ ಹೋದರೆ ಹತ್ತಗೊಡುವುದಿಲ್ಲ. ಆ ದಿನ ತಪ್ಪಿದರೆ ಆ ಮಗುವಿಗೆ ಮತ್ತೆ ದೀಪವಿಲ್ಲ. ದೋಣಿ ಬೆಳಿಗ್ಗೆ ಹೋಗಿ, ಹೊತ್ತು ಮುಳುಗುವ ಮೊದಲು ಮರಳುತ್ತಿತ್ತು.

ವರ್ಷ ತುಂಬಿತು. ಗಂಡ ಹೆಂಡತಿ ಹೊರಟರು. ಗಾಣಿಗ ತಾನೇ ಆಡಿಸಿದ ಎಳ್ಳೆಣ್ಣೆಯನ್ನು ಒಂದು ಕುಡಿಕೆಯಲ್ಲಿ ತುಂಬಿ, ಅದರ ಬಾಯಿಗೆ ಎಲೆ ತುರುಕಿದ್ದ. ದೋಣಿಯಲ್ಲೂ ಅವನು ಕೂರಲಿಲ್ಲ. ದೋಣಿ ವಾಲಾಡಿತು.

“ಕೂತುಕೊಳ್ಳಯ್ಯಾ,” ಎಂದ ಅಂಬಿಗ. “ನೀನು ನಿಂತರೆ ಆಚೆ ದಡ ಏನೂ ಹತ್ತಿರ ಬರುವುದಿಲ್ಲ.”

“ಎತ್ತಿಗೆ ಇವತ್ತು ಬಿಡುವು ಸಿಕ್ಕಿತಲ್ಲ. ಯಜಮಾನನಿಗೆ ಅದೂ ಇಲ್ಲ,” ಎಂದಳು ಒಬ್ಬ ಮುದುಕಿ. ಜನ ನಕ್ಕರು. ಗಾಣಿಗನ ಹೆಂಡತಿ ನಗಲಿಲ್ಲ. ಗಂಡನ ಪಂಚೆಯ ಅಂಚು ಹಿಡಿದುಕೊಂಡು ಕೂತಿದ್ದಳು, ಅವನು ನೀರಿಗೆ ಬೀಳದ ಹಾಗೆ.

ಸ್ತೂಪದ ಸುತ್ತ ಕಲ್ಲು ಹಾಸಿದ ದಾರಿ. ದಾರಿಯ ಹೊರಮಗ್ಗುಲಿಗೆ ಉದ್ದಕ್ಕೂ ಜಗಲಿ. ಅಲ್ಲಿನ ಕಟ್ಟಳೆ ಎಲ್ಲರಿಗೂ ಗೊತ್ತು. ಸ್ತೂಪ ಬಲಕ್ಕಿರಬೇಕು. ಹಿಂದಕ್ಕೆ ಹೆಜ್ಜೆ ಇಡಬಾರದು. ದಾರಿ ಮುಗಿಯುವವರೆಗೆ ತುಟಿ ಬಿಚ್ಚಬಾರದು.

ಗಾಣಿಗ ಎಂದಿನಂತೆ ಬಿರಬಿರನೆ ನಡೆದ. ಹೆಂಡತಿಗೆ ಮೊಣಕಾಲು ನೋವು. ಮೊದಲ ತಿರುವಿನಲ್ಲೇ ಅವಳಿಗೆ ಕಾಲು ಬರಲಿಲ್ಲ. ತುಸು ಸುಧಾರಿಸಿಕೊಳ್ಳೋಣ ಎಂದು ಜಗಲಿಯ ಮೇಲೆ ಕೂತಳು. ಸ್ವಲ್ಪ ದೂರ ಹೋಗಿ ಗಾಣಿಗ ತಿರುಗಿ ನೋಡಿದ. ಹೆಂಡತಿ ಕಾಣಲಿಲ್ಲ. ಹಿಂದಕ್ಕೆ ಹೋಗುವ ಹಾಗಿಲ್ಲ, ಕೂಗುವ ಹಾಗಿಲ್ಲ. ಗುಂಪಿನಲ್ಲಿ ತನ್ನನ್ನು ದಾಟಿ ಮುಂದೆ ಹೋಗಿರಬೇಕು ಎಂದುಕೊಂಡ. ಮುಂದಕ್ಕೆ ನಡೆದ.

ಮುಂದೆ ಇದ್ದದ್ದೆಲ್ಲ ಬೆನ್ನು. ಎಲ್ಲರೂ ಒಂದೇ ದಿಕ್ಕಿಗೆ ನಡೆಯುವ ಕಡೆ ಹಿಂದಿನವನಿಗೆ ಕಾಣುವುದು ಬೆನ್ನೇ ತಾನೇ. ಅವನು ಹೆಂಡತಿ ಉಟ್ಟಿದ್ದ ಕೆಂಪು ಚೌಕಳಿಯ ಸೀರೆಯ ಬೆನ್ನನ್ನು ಹುಡುಕಿದ. ಒಂದು ಕಂಡಿತು. ಓಡಿ ಹಿಡಿದು ಮುಖ ನೋಡಿದರೆ ಬೇರೆ ಯಾರೋ. ಮತ್ತೊಂದು ಕಂಡಿತು. ಅದೂ ಅಲ್ಲ. ಸುತ್ತು ಮುಗಿಯಿತು. ದೀಪದ ಕಟ್ಟೆಯ ಬಳಿ ಹೆಂಡತಿ ಇರಲಿಲ್ಲ. ಹಾಗಾದರೆ ಇನ್ನೊಂದು ಸುತ್ತಿಗೆ ಹೋಗಿದ್ದಾಳೆ ಎಂದು ಅವನೂ ಹೊರಟ. ಮೊದಲಿಗಿಂತ ಜೋರಾಗಿ.

ಹೆಂಡತಿ ಜಗಲಿಯ ಮೇಲೇ ಇದ್ದಳು. ಗಂಡ ಬರುವುದು ಕಂಡಿತು. ಕೈಯೆತ್ತಿದಳು. ಅವನ ಕಣ್ಣು ಮುಂದಿನವರ ಬೆನ್ನಿನ ಮೇಲಿತ್ತು. ಹೋದ. ಮುಂದಿನ ಸಲ ಅವಳು ಕಷ್ಟಪಟ್ಟು ಎದ್ದು ನಿಂತಳು. ಎದ್ದು ನಿಲ್ಲುವಷ್ಟರಲ್ಲಿ ಅವನು ದಾಟಿಯಾಗಿತ್ತು. ಆಮೇಲೆ ಅವಳು ಏಳಲಿಲ್ಲ. ಹಣತೆಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತಳು.

ಬಿಸಿಲು ಇಳಿಯಿತು. ಗಾಣಿಗ ಓಡತೊಡಗಿದ. ಮಗಳು ಹೋದ ದಿನವೂ ಹೀಗೇ ಓಡಿದ್ದ, ಇಂಥದೇ ಬಿಸಿಲಲ್ಲಿ. ಅದು ನೆನಪಾದಂತೆ ಕಾಲು ಇನ್ನೂ ಚುರುಕಾಯಿತು. ಕುಡಿಕೆಯ ಬಾಯಿಯ ಎಲೆ ಯಾವಾಗಲೋ ಸಡಿಲಾಗಿತ್ತು. ಅವನು ಓಡಿದಲ್ಲೆಲ್ಲ ಎಣ್ಣೆ ತುಳುಕುತ್ತಿತ್ತು. ಜೀವಮಾನವೆಲ್ಲ ಎಣ್ಣೆಯಲ್ಲೇ ಕಳೆದವನಿಗೆ ತನ್ನ ಕೈಯಲ್ಲಿದ್ದ ಕುಡಿಕೆ ಹಗುರಾದದ್ದು ತಿಳಿಯಲಿಲ್ಲ.

ಮೊದಲ ತಿರುವಿನಲ್ಲಿ, ಹಿಂದಿನ ಸುತ್ತಿನಲ್ಲಿ ತಾನೇ ಚೆಲ್ಲಿದ್ದ ಎಣ್ಣೆಯ ಮೇಲೆ ಕಾಲಿಟ್ಟ. ಜಾರಿದ. ಕುಡಿಕೆ ಒಡೆಯಿತು. ಅವನು ಅಂಗಾತ ಬಿದ್ದು, ಏಳಲು ಹೋಗಿ, ಬಂದ ದಾರಿಗೆ ಮುಖ ಮಾಡಿ ಕೂತ.

ಆ ದಿನ ಮೊದಲ ಬಾರಿಗೆ ಅವನಿಗೆ ಮುಖಗಳು ಕಂಡವು. ಬರುವವರೆಲ್ಲ ಅವನನ್ನು ಬಳಸಿಕೊಂಡು ಹೋದರು. ಜಗಲಿಯ ಮೇಲೆ, ಕೈಗೆಟಕುವಷ್ಟು ಹತ್ತಿರ, ಹೆಂಡತಿ ಕೂತಿದ್ದಳು.

ಇಬ್ಬರೂ ಮಾತಾಡುವ ಹಾಗಿರಲಿಲ್ಲ. ಅವನು ಒಡೆದ ಕುಡಿಕೆ ತೋರಿಸಿದ. ಅವಳು ಮೆಲ್ಲಗೆ ಇಳಿದು ಬಂದು ಎದುರಿಗೆ ಕೂತು, ಹಣತೆಯನ್ನು ಮುಂದೆ ಹಿಡಿದಳು. ಗಾಣದ ಅಂಚಿಗೆ ಹತ್ತಿದ ಎಣ್ಣೆಯನ್ನು ಗಾಣಿಗರು ಅಂಗೈಯಿಂದ ಬಳಿದು ತೆಗೆಯುತ್ತಾರೆ. ಅವನು ಹಾಗೆ ಕಲ್ಲಿನ ಮೇಲಿನ ಎಣ್ಣೆ ಬಳಿದು ಹಣತೆಗೆ ಹಿಂಡಿದ. ಆತುರಪಟ್ಟರೆ ಕೈಗೆ ಏನೂ ಬರುವುದಿಲ್ಲ. ನಿಂತು ಮಾಡುವ ಕೆಲಸವೂ ಅಲ್ಲ. ಹಣತೆ ಅರ್ಧ ತುಂಬಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದು ಸುತ್ತು ಮುಗಿಸಿದ. ಕಟ್ಟೆ ಹತ್ತಿದರು. ದೀಪ ಹಚ್ಚಿದರು. ಎಣ್ಣೆಯಲ್ಲಿ ಮಣ್ಣು ಸೇರಿತ್ತು. ದೀಪ ಚಟಚಟ ಸಿಡಿಯಿತು. ಆಮೇಲೆ ನೆಟ್ಟಗೆ ಉರಿಯಿತು. ಅಲ್ಲಿ ಮಾತಿಗೆ ಅಡ್ಡಿಯಿರಲಿಲ್ಲ.

“ಅಷ್ಟು ಸಲ ಹಾದುಹೋದೆನಲ್ಲ. ಎದ್ದು ಅಡ್ಡ ನಿಲ್ಲಬಾರದಿತ್ತೇ?” ಎಂದ ಗಾಣಿಗ.

“ಮನೆಯಲ್ಲಿ ಒಂದು ವರ್ಷ ಅಡ್ಡ ನಿಂತೆ,” ಎಂದಳು ಅವಳು. “ಸುತ್ತಿಕೊಂಡು ಹೋದಿರಿ.”

ಹೊಳೆಯ ಕಡೆಯಿಂದ ಅಂಬಿಗ ಕೊಂಬು ಊದಿದ ಸದ್ದು ಬಂತು. ಗಾಣಿಗನ ಕಾಲು ತಾನಾಗಿ ಮಿಸುಕಿತು.

“ದೋಣಿ ಹೊರಡುತ್ತದೆ,” ಎಂದಳು.

“ಹೋಗಲಿ.” ಅವನು ಕಾಲು ಮಡಚಿ ಕೂತ. “ಅವತ್ತಿನ ಮಾತು ಹೇಳಬೇಕು ಅನ್ನುತ್ತಿದ್ದೆಯಲ್ಲ. ಹೇಳು.”

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

“ಹೊನ್ನಿ ನನ್ನ ತೊಡೆಯ ಮೇಲಿದ್ದಳು. ಅಪ್ಪ ಬಂದರೆ ಎಬ್ಬಿಸು ಅಂದಳು. ಕಣ್ಣು ಮುಚ್ಚಿದಳು. ಅಷ್ಟೇ.”

ಗಾಣಿಗ ದೀಪದ ಹತ್ತಿರಕ್ಕೆ ಬಾಗಿದ.

“ಬಂದೆ, ಹೊನ್ನಿ,” ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಕೈ ಗಂಟಿನ ಕಡೆಗೆ ಹೋಯಿತು.

“ಆ ಸ್ತೂಪ ಯಾವ ದಿಕ್ಕಿಗಿದೆ, ಗುರುಗಳೇ? ಈಗ ಹೊರಟರೆ ಸಂಜೆಯೊಳಗೆ ಮುಟ್ಟಬಹುದೇ?”

“ಅದಿರಲಿ. ನೀನು ಯಾರನ್ನು ದಾಟಿಕೊಂಡು ಬಂದೆ?”

ಶಿಷ್ಯ ಗಂಟಿನಿಂದ ಕೈ ತೆಗೆದ.