ಚೈನು ಆರುವಷ್ಟು ಹೊತ್ತು

“ಅವ್ವಾ, ಕ್ಷಮಿಸಿದ ಮೇಲೂ ಮನಸ್ಸು ಯಾಕೆ ಕರಕರ ಎನ್ನುತ್ತದೆ?” ಎಂದು ಶಿಷ್ಯೆ ನೀಲಗಂಗಾ ಕೇಳಿದಳು.

ಗುರುತಾಯಿ ಅವರೆಕಾಯಿ ಸುಲಿಯುತ್ತಿದ್ದರು. “ಯಾರನ್ನು ಕ್ಷಮಿಸಿದೆ?” ಎಂದರು.

“ನಮ್ಮಕ್ಕನನ್ನು. ತಾಯಿ ಹೋದಾಗ ಅವಳು ನನಗೆ ಹೇಳಿ ಕಳುಹಿಸಲಿಲ್ಲ. ಮಣ್ಣು ಮಾಡಿ ಮೂರು ದಿನವಾದ ಮೇಲೆ ಊರಿನವರೊಬ್ಬರ ಬಾಯಿಂದ ತಿಳಿಯಿತು. ಆಮೇಲೆ ಅಕ್ಕ ಬಂದಳು. ತಪ್ಪಾಯಿತು ಎಂದು ಅವಳು ಬಾಯಿ ತೆರೆಯುವಷ್ಟರಲ್ಲೇ, ಬಿಡು ಅಕ್ಕಾ, ಆದದ್ದು ಆಯಿತು ಎಂದೆ. ಒಂದು ಹನಿ ಕಣ್ಣೀರೂ ಹಾಕದೆ ಚಹಾ ಮಾಡಿಕೊಟ್ಟೆ. ನನ್ನದು ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ಇದಾಗಿ ಒಂದು ವರ್ಷವಾಯಿತು. ಈಗ ಅವಳ ದನಿ ಕೇಳಿದರೂ ಒಳಗೆ ಏನೋ ಉಜ್ಜಿದಂತಾಗುತ್ತದೆ. ನಾಳೆ ಇಲ್ಲಿಗೇ, ಮಠಕ್ಕೇ ಬರುತ್ತಿದ್ದಾಳೆ. ಇನ್ನು ಬರಬೇಡ ಎಂದುಬಿಡಲೇ ಎನ್ನಿಸುತ್ತದೆ. ಆದರೆ ನನಗೆ ಉಳಿದಿರುವುದು ಅವಳೊಬ್ಬಳೇ.”

ಗುರುತಾಯಿ ಈ ಕತೆ ಹೇಳಿದರು.

ಕಡಲ ತೀರದ ಊರಿನಲ್ಲಿ ಮೀನು ಮಾರುವವನೊಬ್ಬನಿದ್ದ. ಬೆಳಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು, ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ, ಏರು ಹತ್ತಿ, ಒಳಗಿನ ಒಂದು ಹಳ್ಳಿಗೆ ಹೋಗುತ್ತಿದ್ದ. ಅಲ್ಲಿ ನಲವತ್ತು ಮನೆಯವರು ಮಸಾಲೆ ಅರೆದಿಟ್ಟುಕೊಂಡು ಅವನ ಹಾರನ್ನಿಗೆ ಕಾಯುತ್ತಿದ್ದರು. ದಾರಿಯುದ್ದಕ್ಕೂ ಪೆಟ್ಟಿಗೆಯಿಂದ ಉಪ್ಪುನೀರು ತೊಟ್ಟಿಕ್ಕಿ ಚೈನಿನ ಮೇಲೆ ಬೀಳುತ್ತಿತ್ತು. ಉಪ್ಪು ಕಬ್ಬಿಣವನ್ನು ಏನು ಮಾಡುತ್ತದೆ ಎಂದು ಕಡಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ದಿನವೂ ಮಧ್ಯಾಹ್ನ ಮನೆಗೆ ಬಂದವನೇ ಬಾವಿಯ ಸಿಹಿನೀರು ಸೇದಿ ಚೈನು ತೊಳೆಯುತ್ತಿದ್ದ. ತೊಳೆದ ಕೈಯಲ್ಲೇ ಎಣ್ಣೆ ಬಿಡುತ್ತಿದ್ದ. ಚೈನು ಮಿರಿಮಿರಿ ಮಿಂಚುತ್ತಿತ್ತು. ಅದನ್ನು ಕಣ್ತುಂಬ ನೋಡಿದ ಮೇಲೆಯೇ ಅವನಿಗೆ ಊಟ ಸೇರುತ್ತಿತ್ತು.

“ಆ ಚೈನಿಗೆ ಮಾಡುವ ಚಾಕರಿಯಲ್ಲಿ ಕಾಲು ಭಾಗ ನನಗೆ ಮಾಡಿದ್ದರೆ ನಾನೂ ಹೀಗೇ ಮಿಂಚುತ್ತಿದ್ದೆ,” ಎಂದು ಹೆಂಡತಿ ಅನ್ನುತ್ತಿದ್ದಳು.

ಪಕ್ಕದ ಮನೆಯವನದೂ ಅದೇ ಕಸುಬು. ಅವನು ಬೇರೊಂದು ಹಳ್ಳಿಗೆ ಹೋಗುತ್ತಿದ್ದ. ಆಸಾಮಿ ಸೋಮಾರಿ. ಚೈನು ತೊಳೆದು, ಹಳೆಯ ಬನಿಯನ್ನಿನಲ್ಲಿ ಒರೆಸಿ, ಸೈಕಲ್ಲನ್ನು ಬಿಸಿಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಒಳಗೆ ಹೋಗಿ ಮಲಗಿಬಿಡುತ್ತಿದ್ದ. ಸಂಜೆ ಆಕಳಿಸುತ್ತ ಎದ್ದು ಬಂದು, ಒಂದೊಂದು ಕೊಂಡಿಗೂ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಅದೇ ಬನಿಯನ್ನಿನಿಂದ ಒರೆಸುತ್ತಿದ್ದ.

“ಏನೋ, ಸೈಕಲ್ಲಿಗೂ ಮಧ್ಯಾಹ್ನದ ನಿದ್ದೆಯಾ?” ಎಂದು ನಮ್ಮವನು ಬೇಲಿಯಾಚೆಯಿಂದ ಕೆಣಕುತ್ತಿದ್ದ.

“ಅದೂ ನನ್ನ ಹಾಗೇ ದುಡಿದು ಬಂದಿದೆಯಲ್ಲ ಮಾರಾಯ,” ಎಂದು ಪಕ್ಕದವನು ಹೇಳುತ್ತಿದ್ದ.

ಸೋಮಾರಿಯ ಚೈನು ಎರಡು ಮಳೆಗಾಲ ಕಂಡಿತು. ಶ್ರದ್ಧಾವಂತನ ಚೈನು ನಾಲ್ಕು ತಿಂಗಳಿಗೆ ಏರಿನ ನಡುವೆ ತುಂಡಾಯಿತು. ಹೊಸದು ಹಾಕಿಸಿದ. ಅದೂ ಅಲ್ಲಿಯೇ ತುಂಡಾಯಿತು. ಸೈಕಲ್ಲು ತಳ್ಳಿಕೊಂಡು ಹಳ್ಳಿ ಸೇರುವಷ್ಟರಲ್ಲಿ ಐಸು ಕರಗಿತ್ತು, ಮೀನಿನ ಕಣ್ಣು ಬೆಳ್ಳಗಾಗಿತ್ತು.

“ಏನಪ್ಪಾ, ನಿನ್ನ ಮೀನು ಇವತ್ತು ನಡೆದುಕೊಂಡು ಬಂದವೇ?” ಎಂದು ಮೊದಲ ಮನೆಯ ಮುದುಕಿ ಕೇಳಿದಳು. “ಬರೀ ಮಸಾಲೆಯನ್ನು ಉಣ್ಣಲಾಗುತ್ತದಾ? ಮೊಪೆಡ್ಡಿನವನೊಬ್ಬ ಬರುತ್ತೇನೆ ಎನ್ನುತ್ತಿದ್ದಾನೆ. ಇನ್ನೊಂದು ಸಲ ತಡವಾಯಿತೋ, ಈ ನಲವತ್ತು ಮನೆಯೂ ಅವನ ಕಡೆಗೆ. ಆಮೇಲೆ ನನ್ನನ್ನು ಬೈಯಬೇಡ.”

ಅವನು ಹೆದರಿದ. ಸಂಜೆ ಪಕ್ಕದವನ ಹತ್ತಿರ ಹೋಗಿ, “ನೀನು ಯಾವ ಎಣ್ಣೆ ಹಾಕುತ್ತೀಯ?” ಎಂದು ಕೇಳಿದ. “ಅಂಗಡಿಯಲ್ಲಿ ಸಿಕ್ಕಿದ್ದು,” ಎಂದು ಪಕ್ಕದವನು ಡಬ್ಬಿ ತೋರಿಸಿದ. ಇವನ ಮನೆಯಲ್ಲಿದ್ದದ್ದೂ ಅದೇ ಎಣ್ಣೆ. ಹೆದರಿದವರು ಸಾಮಾನ್ಯವಾಗಿ ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ. ಎಣ್ಣೆಯನ್ನು ಎರಡರಷ್ಟು ಸುರಿದ.

ಮೂರನೆಯ ಚೈನು ತಿಂಗಳಿಗೇ ಕಿರುಗುಟ್ಟತೊಡಗಿತು. ಅವನು ಅದು ತುಂಡಾಗುವವರೆಗೆ ಕಾಯದೆ ಸೈಕಲ್ ಶಾಪಿಗೆ ಓಡಿದ.

“ಈಗಿನ ಕಬ್ಬಿಣವೇ ಕಳಪೆ,” ಎಂದ.

ಶಾಪಿನವನು ಚೈನು ಬಿಚ್ಚಿ, ಒಂದು ಕೊಂಡಿಯ ಪಿನ್ನು ಬಡಿದು ತೆಗೆದ. ಹೊರಗೆ ಮಿಂಚುತ್ತಿದ್ದ ಕೊಂಡಿಯ ಒಳಗೆ ತುಕ್ಕು ಕೆಂಪು ಕೆಸರಿನಂತೆ ಕೂತಿತ್ತು.

“ಎಣ್ಣೆ ಯಾವಾಗ ಹಾಕುತ್ತೀಯ?”

“ತೊಳೆದ ಕೂಡಲೇ. ಕೆಲಸ ಬಾಕಿ ಇಡುವವನಲ್ಲ ನಾನು.”

“ನೀರು ಆರಲು ಬಿಡುವುದಿಲ್ಲವಾ?”

“ಬಿಟ್ಟರೆ ಅಷ್ಟರಲ್ಲಿ ತುಕ್ಕು ಹಿಡಿದರೆ? ಎಣ್ಣೆ ಬಿದ್ದರೆ ಅದು ಕಾಯುತ್ತದಲ್ಲ.”

“ಕಾಯುತ್ತದೆ. ಒಳಗೆ ಏನಿದೆಯೋ ಅದನ್ನು ಕಾಯುತ್ತದೆ,” ಎಂದ ಶಾಪಿನವನು. “ನೀನು ದಿನಾ ಕೊಂಡಿಯೊಳಗೆ ನೀರಿಟ್ಟು ಮುಚ್ಚಳ ಹಾಕಿದ್ದೀಯ.”

ಮೀನಿನವನು ಆ ಪಿನ್ನನ್ನು ಬೆರಳಿನಿಂದ ಒರೆಸಿ ನೋಡಿದ. “ಹಾಗಾದರೆ ಇದೂ ಹೋಯಿತಾ?”

“ಪೂರ್ತಿ ಹೋಗಿಲ್ಲ.”

ಶಾಪಿನವನು ಪಿನ್ನು ಕೂರಿಸಿ, ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿದ. ಮಿಂಚೆಲ್ಲ ಹೋಯಿತು. ಕಲೆ ಕಲೆಯಾದ ಚೈನು ಹೊರಬಂತು. ಶಾಪಿನಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಬೀದಿಯಲ್ಲಿ ತನ್ನ ಪಂಚೆ ಬಿಚ್ಚಿದಂತೆ ಮೀನಿನವನಿಗೆ ನಾಚಿಕೆಯಾಯಿತು.

“ಎಣ್ಣೆ ಹಾಕಿಬಿಡು, ಯಾರಾದರೂ ನೋಡುತ್ತಾರೆ,” ಎಂದ.

“ನೋಡಲಿ. ಆರಬೇಕು,” ಎಂದು ಶಾಪಿನವನು ಚೈನನ್ನು ಬಾಗಿಲ ಮೊಳೆಗೆ, ಬಿಸಿಲಿಗೆ ತೂಗುಹಾಕಿದ. “ಸಂಜೆ ಬಾ.”

“ಇಲ್ಲೇ ಕೂತಿರುತ್ತೇನೆ.”

ಕೂತ. ಎರಡು ಸಲ ಎಣ್ಣೆಯ ಡಬ್ಬಿಗೆ ಕೈ ಹಾಕಿದ. ಎರಡು ಸಲವೂ ಶಾಪಿನವನು ಕೈಗೆ ಹೊಡೆದ. ಬಿಸಿಲು ಇಳಿಯುವ ಹೊತ್ತಿಗೆ ಚೈನು ಕೊಂಡಿ ಕೊಂಡಿಯೂ ಒಣಗಿತ್ತು. ಆಮೇಲೆ ಒಂದೊಂದೇ ತೊಟ್ಟು ಎಣ್ಣೆ ಬಿತ್ತು. ಅಷ್ಟು ಕಡಿಮೆ ಎಣ್ಣೆಯನ್ನು ಅವನು ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಮರುದಿನ ಸೈಕಲ್ಲು ಸದ್ದಿಲ್ಲದೆ ಏರು ಹತ್ತಿತು. ಆ ಹಳ್ಳಿಗೆ ಮೊಪೆಡ್ಡು ಬರಲಿಲ್ಲ.

ಗುರುತಾಯಿ ಕತೆ ನಿಲ್ಲಿಸಿ ಇನ್ನೊಂದು ಅವರೆಕಾಯಿ ಬಿಡಿಸಿದರು.

ನೀಲಗಂಗಾ ಕೇಳಿದಳು: “ಹಾಗಾದರೆ ನಾನು ಕ್ಷಮಿಸಿದ್ದೇ ತಪ್ಪಾಯಿತೇ ಅವ್ವಾ? ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳಲೇ?”

“ಮಾತು ಇರಲಿ ಮಗಳೇ, ನಾಳೆ ಅಕ್ಕ ಬಂದಾಗ, ಅಂದು ಅಳದೆ ಬಿಟ್ಟದ್ದನ್ನು ಅವಳೆದುರಿಗೇ ಅತ್ತು ಮುಗಿಸು.”