ಮೂಗುಬೊಟ್ಟಿನ ಕರಿಚುಕ್ಕೆ

ದೊಡ್ಡಮನೆ ಚೆನ್ನಾಜಮ್ಮನವರ ವಜ್ರದ ಮೂಗುಬೊಟ್ಟಿನೊಳಗೆ ಒಂದು ಕರಿಚುಕ್ಕೆ ಇತ್ತು. ಭೂತಗನ್ನಡಿ ಹಿಡಿದು ಅದನ್ನು ಕಂಡುಹಿಡಿದವಳು ಅವರ ಓರಗಿತ್ತಿ. ಅವತ್ತಿನಿಂದ ಅಮ್ಮಾವ್ರಿಗೆ ಊಟ ಸೇರಲಿಲ್ಲ. ಅಕ್ಕಸಾಲಿ ಆಚಾರಿಯನ್ನು ಕರೆಸಿದರು.

“ನೋಡು ಆಚಾರಿ, ಈ ಕಲ್ಲನ್ನು ಮತ್ತೆ ಸಾಣೆ ಹಿಡಿಸು. ಚುಕ್ಕೆ ಹೋಗಬೇಕು, ಕಲ್ಲು ಮಾತ್ರ ಕೂದಲೆಳೆಯಷ್ಟೂ ಸವೆಯಬಾರದು. ಆಗಲ್ಲ ಅಂದ್ರೆ ಇನ್ನು ಈ ಮನೆ ಹೊಸಿಲು ತುಳೀಬೇಡ!”

ಆಚಾರಿ ಮೂಗುಬೊಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಚುಕ್ಕೆ ಇದ್ದದ್ದು ಕಲ್ಲಿನ ನಟ್ಟನಡುವೆ. ಅದನ್ನು ತೆಗೆದರೆ ಅರ್ಧ ಕಲ್ಲೂ ಉಳಿಯುವುದಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ, “ಅಮ್ಮಾವ್ರೇ, ಒಂದ್ಸಲ ಹಾಕ್ಕೊಳ್ಳಿ” ಎಂದ. ಹಾಕಿಕೊಂಡರು. ಆಚಾರಿ ಒಂದು ಮಾರು ದೂರ ನಿಂತು ನೋಡಿದ.

“ಇಲ್ಲಿಂದ ಬರೀ ಹೊಳಪು ಕಾಣುತ್ತೆ. ಚುಕ್ಕೆ ಕಾಣಬೇಕಾದ್ರೆ ಮೂಗಿಗೆ ಮೂಗು ತಾಗೋ ಹಾಗೆ ಬರಬೇಕು. ತಪ್ಪು ತಿಳೀಬೇಡಿ, ಅಷ್ಟು ಹತ್ತಿರ ಬರೋರು ಯಜಮಾನ್ರೊಬ್ರೇ. ಅವರೇನಾದ್ರೂ ಚುಕ್ಕೆ ಇದೆ ಅಂದ್ರಾ?”

ಚೆನ್ನಾಜಮ್ಮನವರ ಮುಖ ಕೆಂಪೇರಿತು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ.

“ಸಾಣೆ ಬೇಡ, ಹೋಗೋ! ಅಷ್ಟು ಹತ್ತಿರ ಬಂದಾಗ ಅವರು ಕಲ್ಲು ನೋಡ್ತಾರೇನೋ, ಕಳ್ಳ!”