ಹಾಲೇಶ ಅವ್ವನನ್ನು ಹಗುರ ಮಾಡಿದ ಕತೆ

ನಗಬೇಕೆನಿಸಿದವರು ಈಗಲೇ ನಕ್ಕುಬಿಡಿ. ಮುಂದೆ ಹೋದಂತೆ ನಗು ಕಷ್ಟ.

ದಾವಣಗೆರೆ ಕಡೆಯ ಒಂದು ಸಣ್ಣ ಊರು. ಅಲ್ಲಿ ಕೊಟ್ರಮ್ಮ ಅಂತ ಒಬ್ಬ ವಿಧವೆ, ಅವಳಿಗೆ ಹಾಲೇಶ ಅಂತ ಒಬ್ಬನೇ ಮಗ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಬಾಗಿಲು ಕಾಯಿ ಅಂದರೆ ಬಾಗಿಲನ್ನೇ ಕಾಯುತ್ತ ನಿಲ್ಲುವನು, ಬೆಕ್ಕು ಹಿತ್ತಲಿನಿಂದ ಬಂದು ಹಾಲು ಕುಡಿದು ಹೋಗುವುದು. ಆದರೆ ಹೇಳಿದ ಮಾತನ್ನು ಒಮ್ಮೆಯೂ ಮೀರಿದವನಲ್ಲ. ಅವ್ವನ ಸಂಕಟವೇ ಅದು.

ಕೊಟ್ರಮ್ಮ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಮಿರ್ಚಿ ಮಂಡಕ್ಕಿ ಮಾರುತ್ತಿದ್ದಳು. ಬಾಣಲೆಯ ಮುಂದೆ ಕೂತಳೆಂದರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಮಾರಿ ಉಳಿದ ಮಿರ್ಚಿಯೇ ಅವಳ ಊಟ. ಮೈ ಊದಿತ್ತು, ಮಂಡಿ ಸೋತಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಆ ವರ್ಷ ಸರ್ಕಾರ ಜನರ ಬೊಜ್ಜು ಇಳಿಸಲು ಹೊರಟಿತು. ಮೈಕು ಕಟ್ಟಿದ ಆಟೋ ಓಣಿ ಓಣಿ ತಿರುಗಿತು: ಎಣ್ಣೆ ಕಡಿಮೆ ಮಾಡಿ, ಸೊಪ್ಪು ಕಾಳು ತಿನ್ನಿ, ದಿನಾ ನಡೆಯಿರಿ.

ಆರೋಗ್ಯ ಕೇಂದ್ರದ ನರ್ಸು ನಸೀಮಾ ಕೊಟ್ರಮ್ಮನನ್ನು ತೂಕ ಮಾಡಿ, ಬಿ.ಪಿ. ನೋಡಿ, ಹೀಗೇ ಇದ್ದರೆ ಹೃದಯ ತಡೆಯುವುದಿಲ್ಲ ಅಂದಳು. ಕೊಟ್ರಮ್ಮನಿಗೆ ಸಾವಿನ ಹೆದರಿಕೆಯೇನೂ ಇರಲಿಲ್ಲ.

"ನಾ ಹೋದ್ರ ಇವಂಗ ಅನ್ನ ಹಾಕೋರು ಯಾರವ್ವ?" ಅಂತ ಮಗನನ್ನು ನೋಡಿ ಅತ್ತಳು. ಇವನಿಗಾಗಿಯಾದರೂ ಬದುಕಬೇಕೆಂದು ಅಲ್ಲೇ ಗಟ್ಟಿ ಮನಸ್ಸು ಮಾಡಿದಳು.

ನಸೀಮಾ ಹಾಲೇಶನನ್ನೂ ಕರೆದು, ಮನೆಯಲ್ಲಿ ಎಣ್ಣೆ ಕಡಿಮೆ ಮಾಡಪ್ಪ ಅಂದಳು. ಹೂಂ ಅಂದ. ಮನೆಗೆ ಬಂದವನೇ ವ್ಯಾಪಾರಕ್ಕೆ ತಂದಿಟ್ಟ ಎಣ್ಣೆಯ ಡಬ್ಬಿಯನ್ನು ಚರಂಡಿಗೆ ಬಗ್ಗಿಸಿದ. ಅವ್ವ ಹಣೆ ಹಣೆ ಬಡಿದುಕೊಂಡಳು. ಬೇಡವಾದದ್ದನ್ನು ಯಾರಾದರೂ ಚೆಲ್ಲುತ್ತಾರೇನೋ, ಪಕ್ಕದ ಮನೆಯವರಿಗೆ ಕೊಡಬೇಕು ಅಂತ ಬೈದಳು. ಹೂಂ ಅಂದ.

ಆರೋಗ್ಯ ಕೇಂದ್ರದಿಂದ ರಾಗಿ ಹಿಟ್ಟು, ಕಾಳು, ಬಿ.ಪಿ. ಗುಳಿಗೆ ಬಂದವು. ಕಹಿ ಗುಳಿಗೆ ನುಂಗಿ ಕೊಟ್ರಮ್ಮ ಮುಖ ಕಿವುಚಿ, ಇವೆಲ್ಲ ಬೇಡವೇ ಬೇಡ ಅಂತ ಗೊಣಗಿದಳು. ಗೊಣಗಿದ್ದಷ್ಟೇ. ಹಾಲೇಶ ಎಲ್ಲವನ್ನೂ ಒಯ್ದು ಪಕ್ಕದ ಮನೆಗೆ ಕೊಟ್ಟ. ಅವರು ಹಿಟ್ಟನ್ನು ಮುದ್ದೆ ಮಾಡಿ ಉಂಡರು, ಗುಳಿಗೆಯನ್ನು ತಿಪ್ಪೆಗೆ ಎಸೆದರು. ಅವ್ವ ಮತ್ತೆ ಬೈದಳು. ಆರೋಗ್ಯ ಕೇಂದ್ರದಿಂದ ಏನೇ ಬಂದರೂ ಒಳಗಿಟ್ಟು ಬೀಗ ಹಾಕಬೇಕು, ಯಾರೇ ಕೇಳಲಿ ಕೊಡಬಾರದು ಅಂದಳು. ಹೂಂ ಅಂದ.

ಗುಳಿಗೆ ಹೋದದ್ದು ಕೇಳಿ ನಸೀಮಾ ತಾನೇ ಬೇರೆ ಗುಳಿಗೆ ಹಿಡಿದು ಮನೆಗೆ ಬಂದಳು. ಆರೋಗ್ಯ ಕೇಂದ್ರದಿಂದ ಬಂದವಳು. ಹಾಲೇಶ ಬನ್ನಿ ಅಕ್ಕಾರೆ ಅಂತ ಮರ್ಯಾದೆಯಿಂದ ಒಳಗೆ ಕರೆದ, ಹೊರಗೆ ಬಂದು ಬೀಗ ಜಡಿದ. ಕೂಗು ಕೇಳಿ ಓಣಿಯವರು ಬಂದರೆ, ಯಾರು ಕೇಳಿದರೂ ಕೊಡಬಾರದಂತೆ ಅಂತ ಕೀಲಿಕೈ ಮುಷ್ಟಿಯಲ್ಲಿ ಹಿಡಿದು ಕೂತ. ಕೊಟ್ರಮ್ಮ ಏದುತ್ತ ಬಂದು ಬಾಗಿಲು ತೆಗೆಸಿ, ನಾಚಿಕೆಯಿಂದ ಸತ್ತಂತಾಗಿ ನಸೀಮಳ ಕೈ ಹಿಡಿದಳು. ಮಗನ ಕಡೆ ತಿರುಗಿ ಬೈದಳು.

"ಇನ್ನ ಮ್ಯಾಲೆ ಈ ಅಕ್ಕ ಹೇಳಿದ್ದೇ ಮಾತು ನಿಂಗೆ. ನಾನೇ ಬ್ಯಾರೆ ಹೇಳಿದ್ರೂ ಕೇಳಬ್ಯಾಡ."

ಹೂಂ ಅಂದ.

ನಸೀಮಾ ಒಳ್ಳೆಯವಳು, ಸಿಟ್ಟು ನುಂಗಿಕೊಂಡಳು. ನಿಮ್ಮವ್ವನನ್ನು ದಿನಾ ಕೆರೆ ಏರಿಯವರೆಗೆ ನಡೆಸಪ್ಪ, ನೆವ ಹೇಳುತ್ತಾಳೆ, ಕಿವಿಗೆ ಹಾಕಿಕೊಳ್ಳಬೇಡ, ಕೂರಲು ಮಾತ್ರ ಬಿಡಬೇಡ ಅಂದಳು.

ಹಾಲೇಶ ದಿನಾ ಅವ್ವನ ಕೈ ಹಿಡಿದು ನಡೆಸಿದ. ಸೇತುವೆಯ ಕಟ್ಟೆ ಕಂಡರೆ ಕೂರುತ್ತೇನೆ ಅನ್ನುವಳು, ಬಿಡುತ್ತಿರಲಿಲ್ಲ. ಬರಬರುತ್ತ ಉಸಿರಾಟ ಸಲೀಸಾಯಿತು, ರವಿಕೆ ಸಡಿಲವಾಯಿತು. ಪೆದ್ದನಾದರೇನು, ನನ್ನನ್ನು ಉಳಿಸಿದ ಅಂತ ಕೊಟ್ರಮ್ಮ ಕಂಡಕಂಡವರಿಗೆ ಹೇಳಿದಳು. ಅಷ್ಟು ಸಂತೋಷ ಅವಳು ಕಂಡಿದ್ದೇ ಇಲ್ಲ.

ಒಂದು ದಿನ ಏರಿಯ ಮೇಲೆ ಎದೆ ಹಿಡಿದುಕೊಂಡಳು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

"ಎದಿ ನೋಯ್ತೈತೋ. ಒಂದೀಟು ಕುಂಡ್ರಸೋ ಮಗನೆ."

ನೆವ ಕಿವಿಗೆ ಹಾಕಿಕೊಳ್ಳಬೇಡ ಅಂದಿದ್ದಳಲ್ಲ ನಸೀಮಾ, ಹಾಕಿಕೊಳ್ಳಲಿಲ್ಲ. ಆಟೋದವನೊಬ್ಬ ನಿಲ್ಲಿಸಿ ಹತ್ತಿಸು ಅಂದರೆ ಬೇಡ, ನಡೀಬೇಕು ಅಂತ ಕಳಿಸಿದ. ಅವ್ವ ಅತ್ತಳು, ಅವನೂ ಅತ್ತ. ಅಳುತ್ತಲೇ ತೋಳು ಹಿಡಿದು ಮನೆಯವರೆಗೂ ನಡೆಸಿದ. ಕೊಟ್ರಮ್ಮ ಹೊಸ್ತಿಲ ಮೇಲೆ ಕುಸಿದಳು, ಮತ್ತೆ ಏಳಲಿಲ್ಲ. ಓಡಿಬಂದ ನಸೀಮಾ ನಾಡಿ ನೋಡಿ ಗೋಡೆಗೆ ಒರಗಿ ನಿಂತಳು. ಅವಳು ಹೇಳಿದ್ದು ಒಳ್ಳೆಯದನ್ನೇ, ಇವನು ಮಾಡಿದ್ದು ಹೇಳಿದ್ದನ್ನೇ. ನನಗಂತೂ ಇಬ್ಬರನ್ನೂ ಬೈಯಲು ಬಾಯಿ ಬರುವುದಿಲ್ಲ. ಬೈಯುವವಳೇ ಹೋಗಿದ್ದಳು.

ಅವರು ಲಿಂಗಾಯತರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ವಿಭೂತಿ ಹಚ್ಚಿ, ಹಾರ ಹಾಕಿ, ಕೊಟ್ರಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಹಾಲೇಶ ನೋಡಿದ. ಹೆದರಿ ನಸೀಮಳ ಮುಖ ನೋಡಿದ. ಜನರನ್ನು ಸರಿಸಿಕೊಂಡು ಹೋಗಿ ಅವ್ವನ ಕಂಕುಳಿಗೆ ಕೈ ಹಾಕಿ ಎತ್ತತೊಡಗಿದ.

"ಏಳವ್ವ. ಅಕ್ಕಾರು ನೋಡಾಕತ್ಯಾರ."

ಭಜನೆ ನಿಂತಿತು. ನಸೀಮಾ ಬಂದು ಅವನ ಕೈ ಬಿಡಿಸಿದಳು.

"ಇವತ್ತೊಂದಿನ ಕೂರಲಿ ಬಿಡಪ್ಪ" ಅಂದಳು. ಅಳುವಿನಲ್ಲಿ ಬೇರೆ ಮಾತು ಬರಲಿಲ್ಲ ಅವಳಿಗೆ.

ಹೂಂ ಅಂದ. ಆ ದಿನ ಸುಮ್ಮನಿದ್ದ, ಮಣ್ಣು ಹಾಕುವಾಗಲೂ ಸುಮ್ಮನಿದ್ದ.

ಮರುದಿನ ಬೆಳಗಾಗುತ್ತಲೇ ರುದ್ರಭೂಮಿಗೆ ಹೋಗಿ, ಹಸಿ ಮಣ್ಣಿನ ಮುಂದೆ ನಿಂತು, ನಡಿ ಅವ್ವ ಅಂತ ಬಲಗೈ ಚಾಚಿದ. ಓಣಿಯವರು ಎಷ್ಟು ಕರೆದರೂ ಅಲ್ಲಿಂದ ಕದಲಲಿಲ್ಲ. ಮಧ್ಯಾಹ್ನ ನಸೀಮಾ ಡಬ್ಬಿಯಲ್ಲಿ ಅನ್ನ ಸಾರು ತಂದು, ಉಣ್ಣಪ್ಪ ಅಂದಳು. ಹೂಂ ಅಂದ. ಬಲಗೈಯನ್ನು ಅವ್ವ ಹಿಡಿದುಕೊಳ್ಳಲಿ ಅಂತ ಹಾಗೇ ಚಾಚಿಟ್ಟುಕೊಂಡು ಎಡಗೈಯಲ್ಲಿ ಉಂಡ.